ಜೋಡಿದೋಣಿಗೆ ಕೆಚ್ಚಿದ ತಂತಿ

ನಾನು ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಅಧ್ಯಾಪಕನಾಗಿ ಸೇರಿದ ಎರಡನೆಯ ವರ್ಷ, ನಮ್ಮ ಬೀದಿಯಲ್ಲಿ ಒಬ್ಬ ನೇಕಾರ ಇನ್ನೊಬ್ಬನ ಕಿವಿಯನ್ನು ಹಲ್ಲಿನಿಂದ ಕಡಿದು ಚರಂಡಿಗೆ ಉಗುಳಿದ. ಅದು ಕರೆಂಟಿಲ್ಲದ ದಿನ. ವಾರಕ್ಕೊಂದು ದಿನ ಮಗ್ಗಗಳಿಗೆ ವಿದ್ಯುತ್ ಕೊಡುತ್ತಿರಲಿಲ್ಲ. ಉಳಿದ ಆರು ದಿನ ಒಬ್ಬರ ಮಾತು ಒಬ್ಬರಿಗೆ ಕೇಳಿಸದಂಥ ಸದ್ದಿನಲ್ಲಿ ದುಡಿದವರಿಗೆ ಏಳನೆಯ ದಿನದ ನಿಶ್ಶಬ್ದವೇ ಸಹಿಸಲಾಗದ್ದಾಗುತ್ತಿತ್ತೋ ಏನೋ, ಬೆಳಗ್ಗೆ ಹತ್ತಕ್ಕೆಲ್ಲ ಸಾರಾಯಿ ಪ್ಯಾಕೆಟ್ಟುಗಳು ಹರಿಯುತ್ತಿದ್ದವು. ಹನ್ನೆರಡಕ್ಕೆ ಕೈಗಳು ಮೇಲೇಳುತ್ತಿದ್ದವು.

ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೆಳೆದವನು ನಾನು. ಮಾತು ಸೋತಲ್ಲಿ ಮಾತ್ರ ಮನುಷ್ಯ ಹೊಡೆಯುತ್ತಾನೆ, ಆದ್ದರಿಂದ ಮಾತನ್ನು ಗೆಲ್ಲಿಸಿದರೆ ಹೊಡೆತ ನಿಲ್ಲುತ್ತದೆ ಎಂಬುದು ಆಗ ನನ್ನ ದೃಢ ನಂಬಿಕೆ. ಯುವಕರ ಸಂಘವೊಂದನ್ನು ಕಟ್ಟಿ, ಆ ದಿನಗಳಲ್ಲಿ ಬೀದಿಯ ಜಗಲಿಗಳ ಮೇಲೆ ನಿಂತು ಸಾರಾಯಿಯ ವಿರುದ್ಧವೂ ಹೆಣ್ಣಿನ ದುಡಿಮೆಯ ಹಕ್ಕಿನ ಪರವಾಗಿಯೂ ಮಾತನಾಡುತ್ತಿದ್ದೆ. ಒಮ್ಮೆ ಕೇಳುತ್ತ ನಿಂತವರಲ್ಲೊಬ್ಬ ನನ್ನನ್ನು ತಡೆದ. “ಕುಡೀಬ್ಯಾಡ್ರಿ ಅಂತೀರ, ಸರಿ. ಮತ್ತೇನ್ ಮಾಡಣ, ಅದ್ನೂ ನೀವೇ ಹೇಳಿ. ನಿಮ್ ಭಾಷಣ ಕೇಳ್ಕಂಡು ಕೂರಣಾ?” ಎಲ್ಲರೂ ನಕ್ಕರು.

ಉತ್ತರ ಸಿಕ್ಕಿದ್ದು ಹೊಸಕೋಟೆಯ ಒಂದು ಕಾರ್ಖಾನೆಯ ಹಿತ್ತಲಿನಲ್ಲಿ. ಮದ್ರಾಸಿನಿಂದ ಬಂದಿದ್ದ ಅಲ್ಲಿನ ವ್ಯವಸ್ಥಾಪಕರೊಬ್ಬರು ಸಮುದ್ರತೀರದಲ್ಲಿ ತಾವು ಓಡಿಸುತ್ತಿದ್ದ ಹಾಯಿದೋಣಿಯನ್ನು ಲಾರಿಯಲ್ಲಿ ಜೊತೆಗೇ ತಂದಿದ್ದರು. ಅದು ಕ್ಯಾಟಮರಾನ್. ಸೌತೆಕಾಯಿಯಂತೆ ಉದ್ದನೆಯ, ಒಳಗೆ ಪೊಳ್ಳಾದ ಎರಡು ಫೈಬರ್ ಒಡಲುಗಳು. ಅವುಗಳ ನಡುವೆ ಬಿಗಿದು ಕಟ್ಟಿದ ಕ್ಯಾನ್‌ವಾಸು. ಮಧ್ಯೆ ಎರಡಾಳು ಮೀರಿದ ಎತ್ತರದ ಅಲ್ಯುಮಿನಿಯಂ ಕಂಬ. ವರ್ಗವಾಗಿ ಉತ್ತರ ಭಾರತಕ್ಕೆ ಹೊರಟಿದ್ದ ಅವರು, ನನ್ನ ಸಂಘದ ಉದ್ದೇಶವನ್ನು ಕೇಳಿ, ಚುಕ್ಕಾಣಿ, ಹಾಯಿಗಳ ಬಳಕೆಯನ್ನು ಆ ಹಿತ್ತಲಿನಲ್ಲೇ ತೋರಿಸಿಕೊಟ್ಟು, ಅದನ್ನು ಹಾಗೆಯೇ ಕೊಟ್ಟುಬಿಟ್ಟರು. ಹೊರಡುವಾಗ ಒಂದೇ ಮಾತು ಹೇಳಿದರು: “ತಂತಿಗಳನ್ನೆಲ್ಲ ಬದಲಾಯಿಸದೆ ನೀರಿಗೆ ಇಳಿಸಬೇಡಿ.”

ಹಿಂದಿನ ವರ್ಷ ಮಳೆ ಚೆನ್ನಾಗಿ ಬಿದ್ದಿತ್ತು. ರಾಜಘಟ್ಟದ ಕಡೆಯ ಒಂದು ಕೆರೆಯಲ್ಲಿ ಆಷಾಢದಲ್ಲೂ ನೀರಿತ್ತು. ಆಷಾಢದಲ್ಲಿ ಮದುವೆಗಳಿಲ್ಲ, ಸೀರೆಗೆ ಗಿರಾಕಿಯಿಲ್ಲ. ಮಗ್ಗಗಳು ಅರ್ಧ ನಿಂತಿರುತ್ತವೆ, ಜಗಳಗಳು ಹೆಚ್ಚುತ್ತವೆ. ಅದೇ ತಿಂಗಳಲ್ಲಿ ಗಾಳಿಯೂ ಜೋರು. ಸಾರಾಯಿಯ ಬದಲು ಗಾಳಿಯನ್ನು ಕೊಡುತ್ತೇನೆ ಎಂದು ನಾನು ಬೀದಿಯಲ್ಲಿ ಸಾರಿದೆ. ಬರುವ ವಾರದ ಕರೆಂಟಿಲ್ಲದ ದಿನ ದೋಣಿ ನೀರಿಗಿಳಿಯುವುದೆಂದು ಘೋಷಿಸಿಯೂ ಬಿಟ್ಟೆ. ದೋಣಿಯನ್ನು ಕೆರೆಯ ಏರಿಯ ಕೆಳಗಿನ ಹುಣಸೆಮರದಡಿ ತಂದಿಳಿಸಿದ್ದಾಯಿತು.

ತಂತಿ ಬದಲಾಯಿಸುವ ಕೆಲಸಕ್ಕೆ ನಾನು ಕರೆದದ್ದು ನಮ್ಮ ಬೀದಿಯ ಕೆಚ್ಚುವವರೊಬ್ಬರನ್ನು.

ಕೆಚ್ಚುವುದೆಂದರೇನು ಎಂಬುದನ್ನು ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲು ಮುಗಿಯುತ್ತ ಬಂದಾಗ ನೇಕಾರ ಅದನ್ನು ಪೂರ್ತಿ ನೇಯುವುದಿಲ್ಲ. ಗೇಣುದ್ದ ಹಳೆಯ ಎಳೆಗಳನ್ನು ಮಗ್ಗದ ಹಲ್ಲುಗಳ ನಡುವೆ ಹಾಗೆಯೇ ಉಳಿಸುತ್ತಾನೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ತುದಿಗಳಿಗೆ ಒಂದೊಂದಾಗಿ ಹೊಸೆದು ಸೇರಿಸಬೇಕು. ಗಂಟು ಹಾಕುವಂತಿಲ್ಲ, ಬೂದಿ ಸವರಿದ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಹೊಸೆತ, ಅಷ್ಟೇ. ಒಂದು ಸೀರೆಯ ಹಾಸಿನಲ್ಲಿ ಸಾವಿರಾರು ಎಳೆಗಳು. ಇದನ್ನೇ ವೃತ್ತಿ ಮಾಡಿಕೊಂಡು ಮನೆಮನೆಗೆ ಹೋಗಿ ಮಾಡಿಕೊಡುವವರಿದ್ದರು. ನಮ್ಮ ಬೀದಿಯ ಈ ಕೆಚ್ಚುವವರು ಅವರಲ್ಲಿ ಹೆಸರಾದವರು. ನನಗಿಂತ ಹತ್ತು ವರ್ಷ ದೊಡ್ಡವರು. ಅಣ್ಣಾ ಎಂದು ಕರೆಯುತ್ತಿದ್ದೆ. ಮನೆಯ ನಾಲ್ಕು ಮಗ್ಗಗಳು ಅವರ ಒಡಹುಟ್ಟಿದ ಅಣ್ಣನ, ಅಂದರೆ ಮನೆಯ ಯಜಮಾನನ, ಹೆಸರಿನಲ್ಲಿದ್ದವು. ಇವರ ಪಾಲಿಗೆ ಇದ್ದದ್ದು ಬಲಗೈಯ ಎರಡು ಬೆರಳು. ಹೆಂಡತಿಯನ್ನೂ ಎರಡು ಹೆಣ್ಣುಮಕ್ಕಳನ್ನೂ ಅವೇ ಎರಡು ಬೆರಳು ಸಾಕುತ್ತಿದ್ದವು.

ದೋಣಿಯನ್ನು ನೋಡಿದ ಮೊದಲ ದಿನವೇ ಅವರ ಅಂಗೈ ಸೀಳಿತು. ಕಂಬವನ್ನು ನಿಲ್ಲಿಸಿ ಹಿಡಿಯುವುದು ಮೂರು ಉಕ್ಕಿನ ತಂತಿಗಳು: ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು. ಒಂದೊಂದೂ ಸಣ್ಣ ಉಕ್ಕಿನೆಳೆಗಳನ್ನು ಹೊಸೆದು ಮಾಡಿದ್ದು. ಹಳತಾದಾಗ ಒಂದೆರಡು ಎಳೆ ಮುರಿದು ಮೊನೆಯಾಗಿ ಹೊರಚಾಚುತ್ತವೆ. ಕಣ್ಣಿಗೆ ಬೀಳುವುದಿಲ್ಲ, ಕೈ ಸವರಿದರೆ ಮಾಂಸಕ್ಕೆ ಇಳಿಯುತ್ತವೆ. ರಕ್ತವನ್ನು ಲುಂಗಿಗೆ ಒರೆಸಿಕೊಂಡು ಅವರು ನಕ್ಕರು. “ಮದ್ರಾಸ್ ನೂಲು, ಮೇಷ್ಟ್ರೇ. ಮುಟ್ಟಿದ್ರೆ ಕಚ್ತದೆ.”

ಮೊದಲು ಬದಲಾಯಿಸಿದ್ದು ಹಾಯಿಯನ್ನು ಏರಿಸುವ ಹಗ್ಗ. ಅದು ಕಂಬದ ತುದಿಯ ರಾಟೆಯ ಮೇಲೆ ಹಾದು ಕೆಳಗಿಳಿಯುತ್ತದೆ. ಕಂಬವನ್ನು ಇಳಿಸದೆ ಹೊಸ ಹಗ್ಗವನ್ನು ಪೋಣಿಸುವುದು ಹೇಗೆಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದಾಗ, ಅವರು ಹಳೆಯ ಹಗ್ಗದ ತುದಿಯನ್ನು ಬಿಚ್ಚಿ, ಹೊಸದರ ಎಳೆಗಳನ್ನು ಅದರೊಳಗೆ ಹೊಸೆದು, ನೂಲು ಸುತ್ತಿ, ಇನ್ನೊಂದು ಕಡೆಯಿಂದ ಮೆಲ್ಲನೆ ಎಳೆದರು. ಸೇರಿದ ಜಾಗ ರಾಟೆಯ ಮೇಲೆ ಹಾವಿನಂತೆ ನುಸುಳಿ ಆಚೆಗಿಳಿಯಿತು. ಅಲ್ಲಿದ್ದವರು ಸಿಳ್ಳೆ ಹಾಕಿದರು. ಅದನ್ನು ನೋಡಿದ ಕ್ಷಣವೇ ನನ್ನ ಮನಸ್ಸಿನಲ್ಲಿ ಒಂದು ವಾದ ಹುಟ್ಟಿತು. ಹುಟ್ಟಬಾರದಿತ್ತು.

ಮರುದಿನ ತಂತಿಗಳ ಸರದಿ. ಬೆಂಗಳೂರಿನಿಂದ ಹೊಸ ತಂತಿಯ ಸುರುಳಿಯನ್ನೂ, ತಂತಿಯನ್ನು ಮಡಿಸಿ ಕಚ್ಚಿ ಹಿಡಿಯುವ ಕ್ಲಾಂಪುಗಳನ್ನೂ ತಂದಿದ್ದೆ. ತೊಡಕು ಇದ್ದದ್ದು ಕೆಳತುದಿಗಳಲ್ಲಿ. ಹಳೆಯ ತಂತಿಗಳ ಬುಡಕ್ಕೆ ಯಂತ್ರದಿಂದ ಒತ್ತಿ ಕೂರಿಸಿದ ಉಕ್ಕಿನ ಕೊಳವೆಗಳಿದ್ದವು. ಒಡಲಿನ ಪಟ್ಟಿಗೆ ಸರಿಯಾಗಿ ಕೂರುತ್ತಿದ್ದವು ಅವು ಮಾತ್ರ. ಅಂಥವು ಇಲ್ಲಿ ಸಿಗುತ್ತಿರಲಿಲ್ಲ. ಹಳೆಯ ತಂತಿಯನ್ನು ಬುಡದಿಂದ ಮೊಳದುದ್ದ ಬಿಟ್ಟು ಕತ್ತರಿಸಿ, ಆ ತುಂಡಿಗೆ ಹೊಸದನ್ನು ಸೇರಿಸೋಣ ಎಂದೆ. ಹತ್ತು ಹದಿನೈದು ಮಂದಿ ಸುತ್ತ ನಿಂತಿದ್ದರು.

ಕೆಚ್ಚುವವರು ಕುಕ್ಕರುಗಾಲಿನಲ್ಲಿ ಕೂತು ಕೊಳವೆಯ ಬಾಯನ್ನು ಉಗುರಿನಿಂದ ಕೆರೆದರು. “ಈ ತುದಿ ಬ್ಯಾಡ ಮೇಷ್ಟ್ರೇ. ಒಳಗೆ ತುಕ್ಕು ತಿಂದೈತೆ. ನೋಡಿ, ಬಾಯಲ್ಲಿ ಕೆಂಪಗೆ ಕಾರ್ತಾ ಐತೆ. ಬುಡದಿಂದ್ಲೇ ತೆಗ್ದಾಕ್ಬಿಡಣ.”

“ತೆಗೆದರೆ ಬೇರೆ ತುದಿ ಮದ್ರಾಸಿನಿಂದ ಬರಬೇಕು ಅಣ್ಣಾ. ಹದಿನೈದು ದಿನ ಹಿಡಿಯುತ್ತೆ.”

“ಬರ್ಲಿ ಬಿಡಿ. ದೋಣಿಗೇನ್ ಧಾರೆ ಮುಹೂರ್ತ ಐತಾ, ಅದೂ ಆಷಾಢದಾಗೆ?”

ಗುಂಪು ಗೊಳ್ಳೆಂದು ನಕ್ಕಿತು. ನಾನು ಘೋಷಿಸಿದ್ದ ದಿನಕ್ಕೆ ಉಳಿದಿದ್ದದ್ದು ಮೂರು ದಿನ. ಆ ನಗು ನನ್ನನ್ನು ಚುಚ್ಚಿತು.

“ಒಂದು ಪ್ರಶ್ನೆ ಕೇಳ್ತೀನಿ ಅಣ್ಣಾ. ಹಳೇ ಹಾಸನ್ನು ಬುಡದಿಂದ ಕಿತ್ತುಹಾಕಿ ಯಾವತ್ತಾದರೂ ಹೊಸದನ್ನು ಹೂಡಿದ್ದೀರಾ?”

“ಇಲ್ಲ.”

“ಯಾಕೆ?”

“ಹಳೇದು ದಾರಿ ತೋರಿಸ್ತದೆ. ಅದರ ಹಿಂದೆ ಹೊಸ್ದು ಬರ್ತದೆ.”

“ನಿನ್ನೆ ಹಗ್ಗಕ್ಕೂ ಹಾಗೇ ಮಾಡಿದಿರಿ. ರೇಷ್ಮೆಗೆ ಸರಿ, ಹಗ್ಗಕ್ಕೆ ಸರಿ, ಉಕ್ಕಿಗೆ ಮಾತ್ರ ತಪ್ಪಾ?”

ಅವರು ತಂತಿಯ ಬುಡವನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: “ಅಲ್ಲಿ ಹಳೇದು ಮುಂದಕ್ಕೆ ಹೊಂಟೋಗ್ತದೆ. ಎರಡು ಮೊಳ ನೇಯೋಷ್ಟ್ರಲ್ಲಿ ಕತ್ತರ್ಸಿ ಬಿಸಾಕ್ತೀವಿ. ಇಲ್ಲಿ ಹಳೇದೇ ನಿಲ್ತದಲ್ಲ ಮೇಷ್ಟ್ರೇ, ಭಾರ ಹೊತ್ಕಂಡು.”

ಆ ಮಾತು ಸರಿಯಾಗಿತ್ತು. ಸರಿಯೆಂದು ನನಗೆ ಅದೇ ಕ್ಷಣದಲ್ಲಿ ತಿಳಿಯಿತು. ಅದನ್ನು ಮರೆಮಾಚಿ ಬರೆಯುವುದು ಸಾಧ್ಯವಿಲ್ಲ. ಆದರೆ ಎದುರಾಳಿಯ ಅತ್ಯಂತ ಬಲವಾದ ಮಾತಿಗೆ ಉತ್ತರ ಕೊಡಬಾರದು, ಅವನನ್ನೇ ಪ್ರಶ್ನೆಯಾಗಿಸಬೇಕು ಎಂಬ ಪಾಠ ನನ್ನ ನಾಲಿಗೆಗೆ ರೂಢಿಯಾಗಿತ್ತು. “ಅಂದರೆ ನಿಮ್ಮ ಕೈಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ಲ ಅಂತಾಯ್ತು,” ಎಂದೆ. ಗುಂಪು ಓ ಎಂದಿತು. ಯಾರೋ, “ಮೇಷ್ಟ್ರು ಹಿಡಿದ್ಬಿಟ್ರು ಕಣಣ್ಣೋ!” ಎಂದ. ಅವರ ಮುಖ ಕೆಂಪಾಯಿತು. ಗೆಲುವನ್ನು ಅಲ್ಲಿಗೆ ಬಿಡದೆ ಇನ್ನೊಂದು ಮಾತು ಸೇರಿಸಿದೆ: “ಅನುಮಾನ ಇದ್ದರೆ ಆ ದಿನ ದೋಣಿ ಹತ್ತಿ. ಕೆಚ್ಚಿದ ಜಾಗದ ಮೇಲೆ ಕೈಯಿಟ್ಟು ನೀವೇ ನೋಡ್ತಾ ಇರಿ.”

ಅವರು ಗರಗಸ ತೆಗೆದುಕೊಂಡು ತಂತಿಯನ್ನು ಕತ್ತರಿಸಿದರು. ಹಳೆಯ ತುಂಡಿನ ತುದಿಯನ್ನು ಮಡಿಸಿ ಕುಣಿಕೆ ಮಾಡಿ, ಹೊಸದರ ಕುಣಿಕೆಯನ್ನು ಅದರೊಳಗೆ ತೂರಿಸಿ, ಎರಡನ್ನೂ ಕ್ಲಾಂಪುಗಳಿಂದ ಕಚ್ಚಿಸಿದರು. ಎರಡು ದಿನ ಹಾಗೆಯೇ ಕೆಲಸ ನಡೆಯಿತು. ಕೆಲಸ ಮುಗಿದಾಗ ಅವರ ಎರಡೂ ಕೈ ಚುಚ್ಚಿದ ಗಾಯಗಳಿಂದ ತುಂಬಿತ್ತು. ನಾನು ತಂತಿಯನ್ನು ಬೆರಳಲ್ಲಿ ಮೀಟಿದೆ. ತಂಬೂರಿಯಂತೆ ಮಿಡಿಯಿತು. ಸಂತೋಷಪಟ್ಟೆ.

ಆ ದಿನ ಬೀದಿಯ ಗಂಡಸರೆಲ್ಲ ಏರಿಯ ಮೇಲೆ ಬಂದು ನಿಂತರು. ಕುಡಿದವರು ಇರಲಿಲ್ಲವೆಂದಲ್ಲ, ಕಡಿಮೆಯಿದ್ದರು. ಪಡುವಣ ಗಾಳಿ ಕೆರೆಯ ನೀರನ್ನು ಬಡಿದು ನೊರೆಯೆಬ್ಬಿಸುತ್ತಿತ್ತು. ಮೊದಲ ಸುತ್ತಿನಲ್ಲಿ ಹೋಗಿ ಬಂದೆವು. ಎರಡನೆಯದರಲ್ಲಿ ಚುಕ್ಕಾಣಿಯ ಹತ್ತಿರ ನಾನು, ನಡುವೆ ಇಬ್ಬರು ಮಗ್ಗದ ಕೆಲಸಗಾರರು, ಗಾಳಿ ಬೀಸುವ ಬದಿಯಲ್ಲಿ ತಂತಿಯ ಪಕ್ಕ ಕೆಚ್ಚುವವರು ಕೂತೆವು. ಅವರು ಬಲಗೈಯಿಂದ ಸೇರಿಕೆಯ ಜಾಗವನ್ನು ಸುತ್ತಿ ಹಿಡಿದಿದ್ದರು. ಅದು ಆಸರೆಗಾಗಿ ಹಿಡಿದದ್ದಲ್ಲ. ಹಾಸಿನ ಬಿಗಿಯನ್ನು ನೋಡುವವರಂತೆ ಕಣ್ಣು ಅರೆಮುಚ್ಚಿ ಬೆರಳುಗಳಲ್ಲಿ ಕೇಳಿಸಿಕೊಳ್ಳುತ್ತಿದ್ದರು.

ಕೆರೆಯ ನಡುವೆ ಗಾಳಿ ಒಮ್ಮೆಗೇ ಹೊಡೆಯಿತು. ಹಾಯಿ ಸಿಡಿಲಿನಂತೆ ಸದ್ದು ಮಾಡಿ ತುಂಬಿಕೊಂಡಿತು. ಗಾಳಿ ಬದಿಯ ಒಡಲು ನೀರು ಬಿಟ್ಟು ಮೇಲೆದ್ದಿತು. ಕೆಲಸಗಾರರು ಸಂತೋಷದಿಂದ ಕೇಕೆ ಹಾಕಿದರು. ಕೆಚ್ಚುವವರು ನನ್ನತ್ತ ತಿರುಗಿ, “ಎಳೆ ಹೋಗ್ತಾ ಐತೆ! ಒಂದೊಂದೇ ಹೋಗ್ತಾ ಐತೆ, ಬಿಡಿ, ಹಾಯಿ ಬಿಡಿ!” ಎಂದು ಕೂಗಿದರು. ಹಾಯಿಯನ್ನು ಬಿಗಿದು ಹಿಡಿದ ಹಗ್ಗ ನನ್ನ ಕೈಯಲ್ಲಿಯೇ ಇತ್ತು; ಸಡಿಲಿಸಿದರೆ ಸಾಕು, ಹಾಯಿಯಿಂದ ಗಾಳಿ ಜಾರಿಹೋಗುತ್ತಿತ್ತು. ಏರಿಯ ಮೇಲೆ ಜನ ನೋಡುತ್ತಿದ್ದರು. ಒಂದು ಉಸಿರಿನಷ್ಟು ಹೊತ್ತು ತಡಮಾಡಿದೆ.

ತಂತಿ ಕೊಳವೆಯ ಬಾಯಲ್ಲೇ ಕಿತ್ತುಬಂತು. ಕಂಬ ಆಚೆ ಬದಿಗೆ ಉರುಳಿತು; ಅದರ ಪೂರ್ತಿ ಭಾರ ತಂತಿಯನ್ನು ಅವರ ಮುಷ್ಟಿಯೊಳಗಿಂದ ಸೆಳೆದುಕೊಂಡು ಹೋಯಿತು. ಕ್ಲಾಂಪಿನ ಬೋಲ್ಟುಗಳು ಗರಗಸದ ಹಲ್ಲುಗಳಂತೆ ಕೈಯ ಮೂಲಕ ಹಾದವು. ಒಡಲು ಧಡಾರನೆ ನೀರಿಗೆ ಬಿತ್ತು. ಕಂಬ ಒಬ್ಬ ಕೆಲಸಗಾರನ ಭುಜಕ್ಕೆ ಬಡಿದು ಅವನನ್ನು ಕೆರೆಗೆ ಕೆಡವಿತು. ಅವನು ಒಡಲನ್ನು ತಬ್ಬಿ ಮೇಲೆ ಬಂದ. ಎಲ್ಲ ನಿಂತ ಮೇಲೆ ನೋಡಿದರೆ ಕೆಚ್ಚುವವರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಲೆಕ್ಕ ಹಾಕುವವರಂತೆ ನೋಡುತ್ತಿದ್ದರು. ಹೆಬ್ಬೆರಳು ಬುಡದಿಂದ ಹರಿದುಹೋಗಿತ್ತು. ತೋರುಬೆರಳಿನ ಮೇಲಿನ ಗೆಣ್ಣು ನಜ್ಜುಗುಜ್ಜಾಗಿತ್ತು. ಕ್ಯಾನ್‌ವಾಸಿನ ತಗ್ಗಿನಲ್ಲಿ ರಕ್ತ ಕೂಡಿ, ದೋಣಿ ತೂಗಿದಂತೆ ಅದೂ ತೂಗುತ್ತಿತ್ತು.

ಆಸ್ಪತ್ರೆಯ ಅಂಗಳಕ್ಕೆ ಅವರ ಅಣ್ಣ, ಆ ಯಜಮಾನ, ಬಂದದ್ದು ಮಗ್ಗದ ಲಾಳಿಯನ್ನು ಹೊಡೆಯುವ ದೊಣ್ಣೆಯೊಂದಿಗೆ. ಹೆಬ್ಬೆಟ್ಟು ಹೋಯಿತೆಂದು ಯಾರೋ ಮೊದಲೇ ಹೇಳಿದ್ದರು. ನಾನು ಎದ್ದುನಿಂತು, “ಯಜಮಾನರೇ, ಆದದ್ದನ್ನು ವಿವರವಾಗಿ” ಎಂದು ಶುರು ಮಾಡಿದೆ. ಮೊದಲ ಹೊಡೆತ ದವಡೆಗೆ ಬಿತ್ತು. ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಕೂತಿತು.

“ಮಾತಾಡು! ಇನ್ನೂ ಮಾತಾಡೋ! ಮಾತಲ್ಲೇ ನನ್ ತಮ್ಮನ ಕೈ ಕಿತ್ಯಲ್ಲೋ, ಮಾತಲ್ಲೇ ವಾಪಸ್ ಅಂಟ್ಸು!”

ಎರಡನೆಯದು ಪಕ್ಕೆಗೆ, ಮೂರನೆಯದು ಮೊಣಕೈಗೆ. ಹಿಂಸೆಯ ವಿರುದ್ಧ ನಾನು ಎಷ್ಟೋ ವೇದಿಕೆಗಳಲ್ಲಿ ಮಾತನಾಡಿದ್ದೆ. ನಾಲ್ಕನೆಯ ಹೊಡೆತಕ್ಕೆ ಮುಂಚೆ ನನ್ನ ಮುಷ್ಟಿ ಆತನ ಮೂಗಿನ ಮೇಲಿತ್ತು. ಮತ್ತೊಂದು. ಮತ್ತೊಂದು. ಹೊಡೆಯುವುದರಲ್ಲಿ ಒಂದು ಸುಖವಿದೆಯೆಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೂಳೆ ಕರಕ್ಕೆಂದಾಗಲೂ ನಿಲ್ಲಿಸಲಿಲ್ಲ. ಕಾಂಪೌಂಡರು ಮತ್ತು ಜಟಕಾದವನೊಬ್ಬ ಸೇರಿ ನನ್ನನ್ನು ಹಿಂದಿನಿಂದ ಕಟ್ಟಿ ಹಿಡಿದರು. ತಪ್ಪು ನನ್ನದು, ಹೊಡೆತ ನ್ಯಾಯವಾದದ್ದು. ಅದನ್ನು ತಿಳಿದೂ ತಿರುಗಿಸಿ ಹೊಡೆದವನು ನಾನು.

ಮುಂದಿನ ಕರೆಂಟಿಲ್ಲದ ದಿನ ಬೀದಿಯವರು ಹಾರೆ, ಕೊಡಲಿ ಹಿಡಿದು ಕೆರೆಗೆ ಹೋದರು. ನಾನು ಏರಿಯ ಮೇಲೆ ದೂರ ನಿಂತು ನೋಡಿದೆ. ಒಡಲುಗಳು ಒಡೆಯುವ ಸದ್ದು ತಲೆಬುರುಡೆ ಒಡೆದಂತಿತ್ತು. ನಗುತ್ತಿದ್ದರು, ಅಷ್ಟು ದಿನಗಳಲ್ಲಿ ಅಂದೊಂದೇ ದಿನ ಅವರು ಒಬ್ಬರನ್ನೊಬ್ಬರು ಹೊಡೆಯಲಿಲ್ಲ. ಹೊಸ ತಂತಿ ಹಂಚಿಹೋಗಿ ಮೂರು ಮನೆಗಳಲ್ಲಿ ಬಟ್ಟೆ ಒಣಹಾಕುವ ಹಗ್ಗವಾಯಿತು.

ಕೆಚ್ಚುವವರ ಕೈಕಟ್ಟು ಬಿಚ್ಚಿದ್ದು ಶ್ರಾವಣ ಕಳೆದ ಮೇಲೆ. ಮದುವೆಯ ತಿಂಗಳುಗಳು ಬರುತ್ತಿದ್ದವು. ನಾಲ್ಕೂ ಮಗ್ಗಗಳು ಹೊಸ ಹಾಸಿಗಾಗಿ ಕಾದಿದ್ದವು. ತಮ್ಮನಿಗೆ ಕೈ ನಡೆಯದಿದ್ದರೆ ಬೇರೆ ಬೀದಿಯಿಂದ ಒಬ್ಬನನ್ನು ಗೊತ್ತುಮಾಡುತ್ತೇನೆ, ಅವನು ಹೆಂಗಸರ ಜೊತೆ ನೂಲು ಸುತ್ತಿಕೊಂಡಿರಲಿ ಎಂದು ಯಜಮಾನ ಹೇಳಿದನೆಂದು ಕೇಳಿ, ಒಂದು ಬೆಳಗ್ಗೆ ಅವರ ಮನೆಗೆ ಹೋದೆ. ಕ್ಷಮೆ ಕೇಳಬೇಕಿತ್ತು, ಅವರ ಪರವಾಗಿ ನಾಲ್ಕು ಮಾತನಾಡಬೇಕೆಂದೂ ಇತ್ತು. ಯಜಮಾನನ ಮೂಗು ಇನ್ನೂ ಒಂದು ಬದಿಗೆ ವಾಲಿತ್ತು. ನನ್ನನ್ನು ನೋಡಿದ, ಉಗುಳಿದ, ಒಳಗೆ ಬಿಟ್ಟ.

ಕೆಚ್ಚುವವರು ಮಗ್ಗದ ಮುಂದೆ ಕೂತಿದ್ದರು. ಉಳಿದ ತೋರುಬೆರಳು ಮತ್ತು ನಡುಬೆರಳ ನಡುವೆ ಎಳೆಗಳನ್ನಿಟ್ಟು ಹೊಸೆಯುತ್ತಿದ್ದರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನಲವತ್ತು ಎಳೆ ಸೇರಿಸಲು ಒಂದು ಗಂಟೆ ಹಿಡಿಯಿತು. ಯಜಮಾನ ಮುಂದಿನಿಂದ ಹಾಸನ್ನು ಎಳೆದ. ಎಳೆಗಳು ಒಂದೊಂದಾಗಿ ಬಿಟ್ಟುಕೊಂಡವು. ಸದ್ದೇ ಇಲ್ಲದೆ, ನಲವತ್ತೂ.

“ಇನ್ನೊಂದು ತಿಂಗಳು ಕೊಟ್ಟರೆ ಖಂಡಿತವಾಗಿ” ಎಂದು ನಾನು ಬಾಯಿ ತೆರೆದೆ. ಕೆಚ್ಚುವವರು ಎದ್ದು ಬಂದು, ಗಾಯದ ಅದೇ ಕೈಯಿಂದ ನನ್ನ ಬಾಯಿಗೆ ಹೊಡೆದರು. ನೋವು ನನಗಿಂತ ಅವರಿಗೇ ಹೆಚ್ಚಾಗಿರಬೇಕು; ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಅಲ್ಲೇ ಕುಸಿದರು. ಹೊಲಿಗೆಯ ಜಾಗದಿಂದ ರಕ್ತ ಜಿನುಗಿತು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಒಳಗೆ ಬಂದರು. ಗಂಡನನ್ನು ದಾಟಿ ನೇರ ಮಗ್ಗದ ಮುಂದೆ ಕೂತರು. ಬೂದಿಯ ಡಬ್ಬಿಗೆ ಬೆರಳಿಟ್ಟರು.

ಯಜಮಾನ ಗದರಿಸಿದ. “ಏ, ಏಳಮ್ಮ! ಈ ಮನೇಲಿ ಹೆಂಗಸ್ರು ಕೆಚ್ಚಿದ್ದಿಲ್ಲ.”

“ಹಿಂದೂಪುರದಾಗೆ ನಮ್ಮಪ್ಪನ ಮನೇಲಿ ನಾನೇ ಕೆಚ್ತಿದ್ದೆ ಬಾವಾ.”

“ಅಲ್ಲಿ ಏನಾರ ಮಾಡ್ಕಂಡಿರು. ನಾಳೆ ಮನೆಮನೆ ತಿರುಗ್ತೀಯಾ?”

“ತಿರುಗ್ತೀನಿ.”

ಆತ ಆಕೆಯ ತೋಳನ್ನು ಹಿಡಿದು ಎಳೆದ. ಆಕೆ ಮಗ್ಗದ ಕಾಲನ್ನು ಎಡಗೈಯಲ್ಲಿ ಬಿಗಿಯಾಗಿ ತಬ್ಬಿಕೊಂಡರು; ಬಳೆಗಳು ಒಡೆದು ಮಣಿಕಟ್ಟಿಗೆ ಹೊಕ್ಕವು. ನಾನು ಎರಡು ಹೆಜ್ಜೆ ಮುಂದಿಟ್ಟೆ. ನೆಲದಲ್ಲಿ ಕೂತಿದ್ದ ಕೆಚ್ಚುವವರು ನನ್ನ ಕಾಲನ್ನು ಹಿಡಿದು ತಡೆದರು. ಹಿಡಿದಲ್ಲಿಂದಲೇ ಒಡಹುಟ್ಟಿದವನಿಗೆ ಹೇಳಿದರು: “ಬಿಡಣ್ಣ. ಅವಳ ತೋಳು ಮುರುದ್ರೆ ಆಮೇಲೆ ನಾಲ್ಕೂ ಮಗ್ಗ ನೀನೇ ಕೆಚ್ಕೋಬೇಕಾಯ್ತದೆ.”

ಯಜಮಾನ ಕೈ ಬಿಟ್ಟ. ಆಕೆ ಮಣಿಕಟ್ಟಿನಿಂದ ಗಾಜಿನ ಚೂರುಗಳನ್ನು ಕಿತ್ತು ಪಕ್ಕಕ್ಕಿಟ್ಟು, ರಕ್ತ ನೂಲಿಗೆ ತಾಗದಂತೆ ಸೆರಗು ಸುತ್ತಿಕೊಂಡು ಕೆಲಸಕ್ಕೆ ತೊಡಗಿದರು. ಮೊದಮೊದಲು ನಿಧಾನ, ಆಮೇಲೆ ಬೆರಳುಗಳಿಗೆ ಹಳೆಯ ನಡೆ ಸಿಕ್ಕಿತು. ಹೆಣ್ಣಿನ ದುಡಿಮೆಯ ಹಕ್ಕಿನ ಮೇಲೆ ಆ ಬೀದಿಯಲ್ಲಿ ನಾನು ಎಷ್ಟೋ ಸಲ ಮಾತನಾಡಿದ್ದೆ. ಆ ಮಾತುಗಳಲ್ಲಿ ಒಂದೂ ಆಕೆಯನ್ನು ಅಲ್ಲಿ ಕೂರಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಅಂಗೈಯಗಲ ಹಾಸು ಸೇರಿತ್ತು. ಯಜಮಾನ ಬಂದು ಎಳೆದ. ಹಿಡಿಯಿತು. ಸಿಟ್ಟಿನಿಂದ ಮತ್ತೊಮ್ಮೆ, ಹರಿಯಲೆಂದೇ, ಎಳೆದ. ಒಂದೂ ಬಿಡಲಿಲ್ಲ.

ಕೆಚ್ಚುವವರು ಗೋಡೆಗೊರಗಿ ಕೂತು ಅದನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿದ್ದದ್ದು ಸಮಾಧಾನವೋ ಇನ್ನೂ ಇಳಿಯದ ಕೋಪವೋ ನನಗೆ ತಿಳಿಯಲಿಲ್ಲ. ಬಹುಶಃ ಎರಡೂ. ಆಕೆ ತಲೆಯೆತ್ತದೆ, “ಮೇಷ್ಟ್ರೇ, ಬೆಳಕಿಗೆ ಅಡ್ಡ ನಿಂತಿದೀರ,” ಎಂದರು. ನಾನು ಬಾಗಿಲಿನಿಂದ ಸರಿದು ಬೀದಿಗೆ ಇಳಿದೆ. ಒಡೆದ ತುಟಿಯಲ್ಲಿ ರಕ್ತದ ಉಪ್ಪಿತ್ತು. ಒಳಗೆ ಯಜಮಾನ ಇನ್ನೊಂದು ಕಂತೆ ನೂಲನ್ನು ತಂದು ಆಕೆಯ ಪಕ್ಕದಲ್ಲಿ ದೊಪ್ಪೆಂದು ಎಸೆದದ್ದು ಕೇಳಿಸಿತು.